ಬರದಲ್ಲಿ ಜೋಳ: ಆಸ್ಮಾಟಿಕ್ ಹೊಂದಾಣಿಕೆಯ ಟಿಪ್ಪಣಿ

ಪುಣೆಯಲ್ಲಿ ನನ್ನ ಜೊತೆ ಕೃಷಿ ಓದುತ್ತಿರುವ ಕನ್ನಡದ ಗೆಳೆಯರಿಗಾಗಿ, ಪರೀಕ್ಷೆಯಲ್ಲಿ ಉತ್ತರ ಬರೆಯಲು ನೆರವಾಗಲೆಂದು ಬರೆದದ್ದು. ಬರ ಬಿದ್ದಾಗ ಹುಲ್ಲಿನ ಜಾತಿಯ ಎಲೆ ಸುರುಳಿಯಾಗುವುದು, ಪತ್ರರಂಧ್ರ ಮುಚ್ಚುವುದು, ಜೋಳದ ಎಲೆಯ ಮೇಣ: ಇವು ಓದಿದ ಕೂಡಲೇ ತಲೆಗೆ ಹೋಗುತ್ತವೆ, ಬಿಡುತ್ತೇನೆ. ತೊಡಕೆಲ್ಲ ಆಸ್ಮಾಟಿಕ್ ಹೊಂದಾಣಿಕೆಯಲ್ಲಿದೆ, ಅಂದರೆ ಬರದಲ್ಲಿ ಕೋಶ ತನ್ನೊಳಗೆ ಹೊಸದಾಗಿ ದ್ರಾವ್ಯ (ನೀರಿನಲ್ಲಿ ಕರಗಿದ ವಸ್ತು) ಕೂಡಿಟ್ಟುಕೊಳ್ಳುವುದರಲ್ಲಿ.

ಜಲವಿಭವ ಎಂದರೆ ನೀರು ಯಾವ ಕಡೆ ಹರಿಯುತ್ತದೆ ಎಂದು ತಿಳಿಸುವ ಅಳತೆ. ಜಲವಿಭವ = ದ್ರಾವ್ಯ ವಿಭವ (ಕರಗಿದ ವಸ್ತುವಿನ ಪಾಲು, ಋಣ) + ಒತ್ತಡ ವಿಭವ (ಕೋಶದ ಒಳಗಿನ ಒತ್ತಡದ ಪಾಲು). ನೀರು ಹೆಚ್ಚು ಋಣವಿರುವ ಕಡೆಗೆ ಹರಿಯುತ್ತದೆ. ಇಷ್ಟನ್ನು ಬಿಗಿಯಾಗಿ ಹಿಡಿದುಕೊಂಡು ಲೆಕ್ಕ ಮಾಡಿ (ಅಂಕಿಗಳು ಉದಾಹರಣೆಗೆ ಮಾತ್ರ, ಒತ್ತಡದ ಮಾನವಾದ ಮೆಗಾಪ್ಯಾಸ್ಕಲ್‌ನಲ್ಲಿ). ಎಲೆಯ ದ್ರಾವ್ಯ ವಿಭವ −1.0, ಒತ್ತಡ +0.4, ಒಟ್ಟು −0.6. ಮಣ್ಣು −0.5 ಇದ್ದರೆ ನೀರು ಒಳಗೆ ಬರುತ್ತದೆ. ಮಣ್ಣು ಒಣಗಿ −0.8ಕ್ಕೆ ಇಳಿಯಿತು. ಈಗ ನೀರು ಬರಬೇಕಾದರೆ ಎಲೆ −0.9 ಆದರೂ ಆಗಬೇಕು. ದ್ರಾವ್ಯ −1.0ರಲ್ಲೇ ನಿಂತರೆ ಒತ್ತಡ +0.1ಕ್ಕೆ ಕುಸಿಯುತ್ತದೆ, ಎಲೆ ಬಾಡುವ ಹಂತಕ್ಕೆ ಬರುತ್ತದೆ. ಕೋಶ ಸಕ್ಕರೆ, ಪೊಟ್ಯಾಸಿಯಂ, ಪ್ರೋಲಿನ್ (ಒಂದು ಅಮೈನೋ ಆಮ್ಲ) ಕೂಡಿಟ್ಟು ದ್ರಾವ್ಯವನ್ನು −1.3ಕ್ಕೆ ಇಳಿಸಿಕೊಂಡರೆ ಒಟ್ಟು −0.9 ಆಗಿಯೂ ಒತ್ತಡ +0.4 ಉಳಿಯುತ್ತದೆ. ನೀರೂ ಬರುತ್ತದೆ, ಕೋಶದ ಬಿಗಿಯೂ (ಒಳಗಿನ ಒತ್ತಡ) ಉಳಿಯುತ್ತದೆ.

ಇಲ್ಲೊಂದು ಎಚ್ಚರ. ಎಲೆ ನೀರು ಕಳೆದುಕೊಂಡರೆ ಒಳಗಿನ ರಸ ತಾನಾಗಿ ಗಟ್ಟಿಯಾಗುತ್ತದೆ, ದ್ರಾವ್ಯ ವಿಭವವೂ ಇಳಿಯುತ್ತದೆ. ಅದು ಹೊಂದಾಣಿಕೆಯಲ್ಲ, ಬರೀ ಸಾಂದ್ರತೆ. ಹೊಸದಾಗಿ ದ್ರಾವ್ಯ ಸೇರಿದೆಯೋ ಇಲ್ಲವೋ ತಿಳಿಯಲು ಎಲೆಗೆ ಪೂರ್ತಿ ನೀರು ಕುಡಿಸಿ, ಆಮೇಲೆ ಅಳೆಯಬೇಕು. ಆಗಲೂ ನೀರುಂಡ ಗಿಡಕ್ಕಿಂತ ಹೆಚ್ಚು ಋಣ ಬಂದರೆ ಮಾತ್ರ ಹೊಂದಾಣಿಕೆ. ಈ ಸಾಲನ್ನು ಬರೆಯದೆ ಉತ್ತರ ಪೂರ್ತಿಯಾಗುವುದಿಲ್ಲ.

ಇದರ ನಿಜವಾದ ಲಾಭ ಬೇರಿನಲ್ಲಿ ಎಂದು ನನಗನಿಸುತ್ತದೆ. ಒಣಗಿದ ಮೇಲ್ಮಣ್ಣಿನಿಂದ ಇನ್ನಷ್ಟು ಹಿಂಡಿದರೂ ಸಿಗುವ ನೀರು ಸ್ವಲ್ಪವೇ. ಆದರೆ ಬೇರಿನ ತುದಿಯಲ್ಲಿ ಬಿಗಿ ಉಳಿದರೆ ಅದು ಆಳಕ್ಕೆ ಬೆಳೆಯುತ್ತಲೇ ಇರುತ್ತದೆ. ಸೊಲ್ಲಾಪುರ, ವಿಜಯಪುರದ ಎರೆಭೂಮಿಯ ಹಿಂಗಾರಿ ಜೋಳಕ್ಕೆ ಇದೇ ಜೀವಾಳ: ಮಳೆ ಹಿಂದೆ ಸರಿದ ಮೇಲೆ ಬಿತ್ತಿ, ಮಣ್ಣಿನಲ್ಲಿ ಉಳಿದ ತೇವದಲ್ಲೇ ತೆನೆ ಕಟ್ಟಬೇಕು. ಪುಣೆಯ ಅಂಗಡಿಗಳಲ್ಲಿ ಸಿಗುವ ಮಾಲದಂಡಿ ಜೋಳ ಈ ಪದ್ಧತಿಯ ಬೆಳೆ. ಎಂ 35-1 ತಳಿ ಅದೇ ನಾಟಿ ಜೋಳದಿಂದ ಆಯ್ದದ್ದು.

ಉಳಿದವು ಚುಟುಕಾಗಿ. ಹೂ ಬಿಟ್ಟ ನಂತರದ ಬರದಲ್ಲೂ ಎಲೆ ಹಸಿರಾಗಿ ಉಳಿಯುವ ಗುಣ ಕೆಲವು ಜೋಳದ ತಳಿಗಳಿಗಿದೆ. ಸಜ್ಜೆ ಬೇಗ ಮಾಗಿ ಬರದಿಂದ ತಪ್ಪಿಸಿಕೊಳ್ಳುತ್ತದೆ. ಅದರ ಮುಖ್ಯ ತೆನೆ ಕೆಟ್ಟರೂ ಮರಿ ತೆಂಡೆಗಳು (ಬುಡದಿಂದ ಒಡೆಯುವ ಕವಲುಗಳು) ಕೈಹಿಡಿಯುತ್ತವೆ. ಸಿ4 (ದ್ಯುತಿಸಂಶ್ಲೇಷಣೆಯ ಒಂದು ಬಗೆ) ಇದ್ದರೆ ಬೆಳೆ ಬರ ತಡೆಯುತ್ತದೆ ಎಂದು ಮಾತ್ರ ಬರೆಯಬೇಡಿ. ಮೆಕ್ಕೆಜೋಳವೂ ಸಿ4, ಆದರೂ ಹೂವಾಡುವಾಗ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ.