ಕಟ್ಟಡದ ಫೋಟೋ ಮಾರಲು ಮಾಲೀಕರ ಸಹಿ ಬೇಕಾ?

ಪ್ರಶ್ನೆ: ರಸ್ತೆಯಲ್ಲಿ ನಿಂತು ಒಂದು ಹೆಸರಾಂತ ಕಟ್ಟಡದ ಫೋಟೋ ತೆಗೆದಿದ್ದೇನೆ. ಅದಕ್ಕೆ ಟ್ರೇಡ್‌ಮಾರ್ಕ್ ಬೇರೆ ಇದೆಯಂತೆ. ಪ್ರಾಪರ್ಟಿ ರಿಲೀಸ್ (ಮಾಲೀಕರು ಸಹಿ ಹಾಕಿ ಕೊಡುವ ಒಪ್ಪಿಗೆ ಪತ್ರ) ಇಲ್ಲದೆ ಮಾರಿದರೆ ಕೇಸ್ ಹಾಕ್ತಾರಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಮತ್ತೆ ಬರೆಯುತ್ತೇನೆ. ಸುಮ್ನೆ ಹೆದರಿಕೊಂಡು ಒಳ್ಳೊಳ್ಳೆ ಚಿತ್ರಗಳನ್ನು ಹಾರ್ಡ್ ಡಿಸ್ಕ್‌ನಲ್ಲೇ ಮುಚ್ಚಿಟ್ಟವರನ್ನು ಕಂಡರೆ ಸಂಕಟವಾಗುತ್ತದೆ.

ರಿಲೀಸ್ ವಿಷಯ ಬೇಗ ಮುಗಿಸೋಣ. ಪತ್ರಿಕೆಗೋ ಪಠ್ಯಪುಸ್ತಕಕ್ಕೋ ಕೊಡುವುದಾದರೆ, ಅಂದರೆ ಎಡಿಟೋರಿಯಲ್ ಬಳಕೆಗಾದರೆ, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಜಾಹೀರಾತಿಗೆ ಹೋಗುವ ಚಿತ್ರಕ್ಕೆ ಸ್ಟಾಕ್ ಏಜೆನ್ಸಿಗಳು, ಅಂದರೆ ನಮ್ಮ ಫೋಟೋಗಳನ್ನು ಗಿರಾಕಿಗಳಿಗೆ ಮಾರಿಕೊಡುವ ಸಂಸ್ಥೆಗಳು, ಕೇಳುತ್ತವೆ. ತಮ್ಮ ಗಿರಾಕಿಗೆ ನಾಳೆ ತಕರಾರು ಬರಬಾರದು ಅಂತ ಅವರು ಮಾಡಿಕೊಂಡ ಏರ್ಪಾಡು ಅದು. ಕಾಗದ ಇದ್ದರೆ ಕೊಡಿ, ಇಲ್ಲದಿದ್ದರೆ ಎಡಿಟೋರಿಯಲ್ ಅಂತ ಗುರುತು ಹಾಕಿ ಕಳಿಸಿ.

ಈಗ ಅಸಲಿ ವಿಷಯ. “ಕಟ್ಟಡ ಟ್ರೇಡ್‌ಮಾರ್ಕ್ ಆದ ಮೇಲೆ ಅದರ ಪ್ರತಿಯೊಂದು ಫೋಟೋವೂ ಮಾಲೀಕರದ್ದು” ಅನ್ನುವ ನಂಬಿಕೆ ಇದೆಯಲ್ಲ, ಅದು ತಪ್ಪು. ಎಷ್ಟು ಸಲ ಹೇಳಿದರೂ ಹೋಗದ ತಪ್ಪು. ಟ್ರೇಡ್‌ಮಾರ್ಕ್ ಅಂದರೆ ಈ ಸರಕು ಯಾರದು ಅಂತ ಗಿರಾಕಿಗೆ ಹೇಳುವ ಗುರುತು. ಆ ಗುರುತು ಹಾಕಿಕೊಂಡು ಬೇರೊಬ್ಬರು ಜನರನ್ನು ದಾರಿ ತಪ್ಪಿಸಬಾರದು. ಮುಂಬೈನ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್ 2017ರಲ್ಲಿ ತನ್ನ ಕಟ್ಟಡದ ರೂಪವನ್ನೇ ನೋಂದಾಯಿಸಿತು. ಅದೇ ಗುಮ್ಮಟವನ್ನು ಇನ್ನೊಂದು ಹೋಟೆಲ್ ತನ್ನ ಬೋರ್ಡ್ ಮೇಲೆ ಬರೆಸಿಕೊಂಡರೆ ಜಗಳ ಖಂಡಿತ. ಎದುರು ನಿಂತು ಕ್ಲಿಕ್ ಮಾಡುವವರಿಗೂ ಆ ಜಗಳಕ್ಕೂ ಏನು ಸಂಬಂಧ?

ಇದು ನನ್ನ ಸ್ವಂತ ಅಭಿಪ್ರಾಯ ಅಂದುಕೊಳ್ಳಬೇಡಿ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನುವ ಮ್ಯೂಸಿಯಂ ಇದೆ. ಐ.ಎಂ. ಪೇ ಅದರ ವಾಸ್ತುಶಿಲ್ಪಿ. ಕಟ್ಟಡದ ವಿನ್ಯಾಸಕ್ಕೂ ಹೆಸರಿಗೂ ಮ್ಯೂಸಿಯಂನವರು ಟ್ರೇಡ್‌ಮಾರ್ಕ್ ಮಾಡಿಸಿದ್ದರು. ಚಾರ್ಲ್ಸ್ ಜೆಂಟೈಲ್ ಅನ್ನುವ ಫೋಟೋಗ್ರಾಫರ್ ಸಂಜೆಯ ಬಣ್ಣದ ಆಕಾಶದ ಕೆಳಗೆ ಅದನ್ನು ಸೆರೆಹಿಡಿದು, ಅಡಿಯಲ್ಲಿ ಅದರ ಹೆಸರು ಹಾಕಿ, ಪೋಸ್ಟರ್ ಮಾಡಿ ಮಾರಿದರು. ಮ್ಯೂಸಿಯಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. 1998ರಲ್ಲಿ ಮೇಲ್ಮನವಿ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಪೋಸ್ಟರಿನಲ್ಲಿ ತನಗೆ ಕಾಣುವುದು ಊರಿಗೆಲ್ಲ ಗೊತ್ತಿರುವ ಕಟ್ಟಡದ ಒಂದು ಫೋಟೋ, ಯಾವುದೋ ಕಂಪನಿಯ ಮುದ್ರೆಯ ಹಾಗೆ ಅದು ಕಾಣುತ್ತಿಲ್ಲ ಅಂತ ಹೇಳಿತು. ಮ್ಯೂಸಿಯಂ ಕೂಡ ಒಂದೊಂದು ಕಡೆ ಒಂದೊಂದು ಕೋನದ ಚಿತ್ರ ಬಳಸಿತ್ತು. ಎಲ್ಲ ಕಡೆ ಒಂದೇ ಥರ ಕಾಣದಿದ್ದರೆ ಅದು ಗುರುತು ಹೇಗಾಗುತ್ತದೆ, ಅಲ್ವಾ? ಆದರೆ ಆ ಕಟ್ಟಡದವರೇ ಹೊರತಂದ ಮಾಲು ಅನ್ನಿಸುವಂತೆ ಮಗ್ ಮೇಲೋ ಟೀ ಶರ್ಟ್ ಮೇಲೋ ಅಚ್ಚು ಹಾಕಿ ಮಾರಿದರೆ ಈ ತೀರ್ಪು ನಿಮ್ಮ ಕೈ ಹಿಡಿಯುತ್ತದೆ ಅಂತ ನಂಬಬೇಡಿ.

ಕಾಪಿರೈಟ್ ಬೇರೆಯೇ ಲೆಕ್ಕ. ಕಟ್ಟಡದ ಫೋಟೋ ತೆಗೆದು ಪ್ರಕಟಿಸುವುದಕ್ಕೆ ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಎಲ್ಲ ದೇಶಗಳೂ ಇಷ್ಟು ಉದಾರವಾಗಿಲ್ಲ. ಐಫೆಲ್ ಗೋಪುರವನ್ನೇ ನೋಡಿ. ಗುಸ್ತಾವ್ ಐಫೆಲ್ ತೀರಿಕೊಂಡಿದ್ದು 1923ರಲ್ಲಿ, ಹಾಗಾಗಿ ಗೋಪುರದ ಕಾಪಿರೈಟ್ ಯಾವತ್ತೋ ಮುಗಿದಿದೆ. ಹಗಲಿನ ಚಿತ್ರಕ್ಕೆ ತೊಂದರೆ ಇಲ್ಲ. ಆದರೆ ರಾತ್ರಿಯ ಹೊನ್ನಿನ ಬಣ್ಣದ ದೀಪಾಲಂಕಾರ ಬಂದದ್ದು 1985ರಲ್ಲಿ. ಅದು ಬೇರೆಯೇ ಕೃತಿ ಅಂತ ಗೋಪುರ ನಡೆಸುವ ಸಂಸ್ಥೆ ವಾದಿಸುತ್ತದೆ, ರಾತ್ರಿ ಚಿತ್ರವನ್ನು ವ್ಯಾಪಾರಕ್ಕೆ ಬಳಸಬೇಕಾದರೆ ಅನುಮತಿ ಕೇಳಬೇಕು ಅನ್ನುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜಾಸ್ತಿ ಜನ ಎಡವುವುದು ಗೋಡೆ ಮೇಲಿನ ಚಿತ್ರದಲ್ಲಿ. ಕಟ್ಟಡದ ಪಕ್ಕದ ಗೋಡೆಗೆ ಯಾರೋ ಕಲಾವಿದರು ಮೂರು ಮಹಡಿ ಎತ್ತರದ ಮುಖ ಬರೆದಿರುತ್ತಾರೆ. ನಿಮ್ಮ ಕಣ್ಣಿಗೆ ಅದೂ ಕಟ್ಟಡದ ಭಾಗ. ಕಾನೂನಿನ ಕಣ್ಣಿಗೆ ಅದೊಂದು ಪೇಂಟಿಂಗ್. ಮೇಲೆ ಹೇಳಿದ ಕಟ್ಟಡದ ವಿನಾಯಿತಿ ಅದಕ್ಕೆ ಸಿಗುವುದಿಲ್ಲ. ಹಕ್ಕು ಕಲಾವಿದರ ಬಳಿಯೇ ಇದ್ದರೆ ಮಾಲೀಕರು ಖುಷಿಯಿಂದ ರಿಲೀಸಿಗೆ ಸಹಿ ಹಾಕಿದರೂ ಸಾಲದು. ಹಾಗಾಗಿ ಕಳಿಸುವ ಮೊದಲು ಫೈಲನ್ನು ನೂರು ಪರ್ಸೆಂಟ್ ಜೂಮ್ ಮಾಡಿ, ಮೂಲೆ ಮೂಲೆ ನೋಡಿ. ಗಾಜಿನ ಬಾಗಿಲ ಮೇಲೆ ಅಂಗೈಯಗಲದ ಲೋಗೋ ಇರುತ್ತದೆ, ಕೆಳಗೆ ನಿಂತ ಕಾರಿನ ಮೂತಿಯಲ್ಲಿ ಬ್ಯಾಡ್ಜ್ ಇರುತ್ತದೆ. ಜಾಹೀರಾತಿಗೆ ಹೋಗುವ ಫೈಲಾದರೆ ಅವನ್ನು ಅಳಿಸಿ. ಗೋಡೆಯ ಮುಖವನ್ನು ಅಳಿಸಲು ಹೋಗಬೇಡಿ. ಕಲಾವಿದರನ್ನು ಹುಡುಕಿ ಕೇಳಿ, ಇಲ್ಲವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅದು ಬಾರದ ಹಾಗೆ ಮತ್ತೊಂದು ಫೋಟೋ ತೆಗೆಯಿರಿ.