ಇ-ಗೇಟು ನಂಬುವುದು ಯಾರನ್ನು?

ಇಮಿಗ್ರೇಷನ್ ಕೌಂಟರಿನ ಅಧಿಕಾರಿಗೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಪಾಸ್‌ಪೋರ್ಟ್ ಕೊಟ್ಟವರು ನಿಜಕ್ಕೂ ಅದರಲ್ಲಿರುವವರೇನಾ? ಅವರನ್ನು ಗಡಿ ದಾಟಲು ಬಿಡುವುದಕ್ಕೆ ಏನಾದರೂ ಅಡ್ಡಿಯಿದೆಯಾ? ಹೊತ್ತು ಹಿಡಿಯುವುದು ಎರಡನೆಯ ಪ್ರಶ್ನೆ. ಮೊದಲೇ ಅರ್ಜಿ ಹಾಕಿ ಸದಸ್ಯರಾದ ಪ್ರಯಾಣಿಕರನ್ನು ಬೇಗ ಬಿಡುವ ‘ಟ್ರಸ್ಟೆಡ್ ಟ್ರಾವೆಲರ್’ (ನಂಬಿಕಸ್ಥ ಪ್ರಯಾಣಿಕ) ಯೋಜನೆಗಳು ಅದರ ಬಹುಪಾಲನ್ನು ಪ್ರಯಾಣಕ್ಕೆ ಎಷ್ಟೋ ಮೊದಲೇ ಮುಗಿಸಿಡುತ್ತವೆ. ಇದನ್ನು ತಪಾಸಣೆಯಿಂದ ಸಿಕ್ಕ ವಿನಾಯಿತಿ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಸದಸ್ಯರ ಪೂರ್ವಾಪರವನ್ನು ಉಳಿದವರಿಗಿಂತ ಹೆಚ್ಚೇ ಜಾಲಾಡಿರುತ್ತಾರೆ.

ಅಮೆರಿಕ 2008ರಲ್ಲಿ ಆರಂಭಿಸಿದ ಇಂಥ ಯೋಜನೆಯಾದ ಗ್ಲೋಬಲ್ ಎಂಟ್ರಿಗೆ ಅರ್ಜಿ, ಹಿನ್ನೆಲೆ ಪರಿಶೀಲನೆ, ಸಂದರ್ಶನ ಎಲ್ಲವೂ ಉಂಟು. ಸದಸ್ಯತ್ವದ ಅವಧಿ 5 ವರ್ಷ. ಭಾರತದ ಯೋಜನೆ 2024ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಶುರುವಾಗಿ, 2025ರ ಜನವರಿಯಲ್ಲಿ ಇನ್ನೂ 7 ನಿಲ್ದಾಣಗಳಿಗೆ ಹಬ್ಬಿತು. ಭಾರತೀಯ ಪ್ರಜೆಗಳಿಗೂ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರಿಗೂ ಅದು ತೆರೆದಿದೆ.

ಹೀಗೆ ಮೊದಲೇ ಕೆಲಸ ಮುಗಿದಿರುವುದರಿಂದ ಇ-ಗೇಟಿನ, ಎಂದರೆ ತಾನಾಗಿ ತೆರೆಯುವ ಬಾಗಿಲಿನ, ಯಂತ್ರಕ್ಕೆ ಉಳಿಯುವುದು ಮುಖ್ಯವಾಗಿ ಮೊದಲ ಪ್ರಶ್ನೆ. ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ತುದಿಯಂಥ ಗುರುತುಗಳು ತುಂಬಿದ ಎರಡು ಸಾಲುಗಳಿರುತ್ತವಲ್ಲ, ಯಂತ್ರ ಓದುವುದು ಅದನ್ನು. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಮುಗಿಯುವ ದಿನ ಇವುಗಳ ಪಕ್ಕದಲ್ಲಿ ಒಂದೊಂದು ತಾಳೆ ಅಂಕಿ ಇರುತ್ತದೆ. ಅಕ್ಷರಗಳಿಗೂ ಒಂದೊಂದು ಬೆಲೆ ಕೊಟ್ಟು, ಸಾಲಾಗಿ 7, 3, 1ರಿಂದ ಗುಣಿಸಿ, ಕೂಡಿ, 10ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಅಂಕಿ. ಓದುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡಿಬರುವುದಿಲ್ಲ. ಚಿಪ್ ಇರುವ ಪಾಸ್‌ಪೋರ್ಟಿನಲ್ಲಿ ಇದೇ ಮೂರು ವಿವರಗಳಿಂದ ಚಿಪ್ ತೆರೆಯುವ ಕೀಲಿಯೂ ಹುಟ್ಟುತ್ತದೆ. ಪುಟ ಬಿಡಿಸಿ ತೋರಿಸದೆ, ಜೇಬಿನಲ್ಲಿರುವಾಗಲೇ ಯಾರೋ ಕದ್ದು ಓದಬಾರದು ಎಂದು ಮಾಡಿದ ಏರ್ಪಾಡು ಇದು. ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬ ಇಷ್ಟವಾಗುವ ಭಾಗ ಇದೇ.

ಆಮೇಲೆ ಮುಖ ಇಲ್ಲವೇ ಬೆರಳಚ್ಚು. ಒಬ್ಬರದೇ ಎರಡು ಫೋಟೋಗಳೂ ತದ್ರೂಪವಾಗಿರುವುದಿಲ್ಲ, ಆದ್ದರಿಂದ ಯಂತ್ರ ಹೋಲಿಕೆಗೆ ಅಂಕ ಕೊಡುತ್ತದೆ. ಎಷ್ಟು ಅಂಕ ಬಂದರೆ ಬಾಗಿಲು ತೆರೆಯಬೇಕು ಎಂಬುದನ್ನು ಮನುಷ್ಯರೇ ನಿಗದಿಪಡಿಸಬೇಕು. ಮಿತಿ ಏರಿಸಿದರೆ ಅಸಲಿ ಪ್ರಯಾಣಿಕರೇ ಹೊರಗುಳಿಯುತ್ತಾರೆ, ಇಳಿಸಿದರೆ ಬೇರೆಯವರ ಹೆಸರಿನಲ್ಲಿ ಬಂದವರು ನುಸುಳಬಹುದು. ಎರಡು ತಪ್ಪನ್ನೂ ಒಟ್ಟಿಗೆ ಸೊನ್ನೆಗೆ ಇಳಿಸುವ ಮಿತಿ ಎಂಬುದಿಲ್ಲ.

ಸದಸ್ಯರಲ್ಲದವರಿಗೂ ಇದರಿಂದ ಲಾಭವಿದೆ, ಅದೂ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಸರಾಸರಿ ಗಂಟೆಗೆ 60 ಜನರನ್ನು ಕಳಿಸಬಲ್ಲ ಒಂದು ಕೌಂಟರಿಗೆ ಗಂಟೆಗೆ 54 ಜನ ಹಿಂದುಮುಂದಾಗಿ ಬರುತ್ತಾರೆ ಎನ್ನಿ. ಸರತಿಸಾಲಿನ ಸರಳ ಗಣಿತದ ಪ್ರಕಾರ ಸಾಲಿನಲ್ಲಿ ಕಾಯುವುದೂ ಸೇರಿ ಒಬ್ಬೊಬ್ಬರಿಗೂ ಸರಾಸರಿ 10 ನಿಮಿಷ ಬೇಕು. ಅವರಲ್ಲಿ 6 ಮಂದಿ ಇ-ಗೇಟಿಗೆ ಹೋದರೆ ಉಳಿದವರಿಗೆ 5 ನಿಮಿಷ ಸಾಕು. ಸುಮಾರು ಒಂಬತ್ತರಲ್ಲಿ ಒಬ್ಬರು ಸರಿದದ್ದಕ್ಕೆ ಸಮಯ ಅರ್ಧಕ್ಕೆ ಇಳಿಯಿತು. ಆದರೆ ಇ-ಗೇಟಿಗೆಂದು ಆ ಕೌಂಟರಿನ ಸಿಬ್ಬಂದಿಯನ್ನೇ ಕಡಿಮೆ ಮಾಡಿದರೆ ಈ ಲಾಭ ಅಷ್ಟೇ ಬೇಗ ಕರಗುತ್ತದೆ.

ಕೌಂಟರು ಇನ್ನೊಂದು ಕಾರಣಕ್ಕೂ ಬೇಕು. ದುಡಿದು ಸವೆದ ಬೆರಳು, ವಯಸ್ಸಾದವರ ಒಣಚರ್ಮ ಇವನ್ನು ಸ್ಕ್ಯಾನರು ಎಷ್ಟೋ ಸಲ ಗುರುತಿಸುವುದಿಲ್ಲ. ಅಂಥವರಿಗೆ ಬಾಗಿಲು ತೆರೆಯದಿದ್ದರೆ ಅನುಮಾನಿಸದೆ, ಗದರಿಸದೆ ಮುಖ ನೋಡಿ ಮಾತಾಡಿಸಿ ಕಳಿಸುವ ಅಧಿಕಾರಿ ಪಕ್ಕದಲ್ಲೇ ಇರಬೇಕು.