ಮಣ್ಣು ಕರೆಂಟನ್ನು ನುಂಗುವುದಿಲ್ಲ

ಮಳೆಗಾಲದಲ್ಲಿ ಮಂಡ್ಯದ ಕಡೆ ಗದ್ದೆ ಬದುವಿನ ಮೇಲೆ ಎತ್ತೊಂದು ಇದ್ದಕ್ಕಿದ್ದಂತೆ ಕುಸಿದು ಸತ್ತರೆ ‘ಗಾಳಿ ಬಡೀತು’ ಎನ್ನುವವರು ಇನ್ನೂ ಇದ್ದಾರೆ. ಕರೆಂಟು ಹೊಡೆಯಿತೆಂದು ಒಪ್ಪುವವರೂ ‘ವೈರು ಮಣ್ಣೊಳಗಿತ್ತಲ್ಲ, ಲೀಕಾದ್ರೂ ಭೂಮಿ ಎಳ್ಕೊಳ್ತದೆ’ ಎನ್ನುತ್ತಾರೆ. ಗಾಳಿಯ ಮಾತಿಗಿಂತ ಈ ಮಾತೇ ನನಗೆ ಹೆಚ್ಚು ಭಯ. ಇದನ್ನು ನಂಬಿಕೊಂಡೇ ಅಲ್ಲವೇ ಬೋರಿನ ವೈರನ್ನು ತಿರುಚಿ, ಟೇಪು ಸುತ್ತಿ, ಮೇಲೆ ಮಣ್ಣೆಳೆಯುವುದು?

ಭೂಮಿ ಕರೆಂಟನ್ನು ಎಳೆದು ಬಚ್ಚಿಟ್ಟುಕೊಳ್ಳುವುದಿಲ್ಲ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಹೊರಟದ್ದು ಟಿಸಿಗೇ ಮರಳಬೇಕು. ಅಲ್ಲಿ ನ್ಯೂಟ್ರಲ್ (ಕರೆಂಟು ಮರಳುವ ತಂತಿ) ನೆಲಕ್ಕೆ ಕೂಡಿರುವುದರಿಂದ ಮಣ್ಣೂ ಒಂದು ದಾರಿಯೇ, ಆದರೆ ಕಷ್ಟದ ದಾರಿ. ಸೋರುವ ಜಾಯಿಂಟಿನಿಂದ ಟಿಸಿವರೆಗೆ ಒಟ್ಟು 30 ಓಮ್ ರೋಧವಿದೆ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು ಅದರಿಂದ ಭಾಗಿಸಿದರೆ 7.7 ಆಂಪಿಯರ್. 5 ಎಚ್‌ಪಿ ಮೋಟ್ರು ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿದರೂ 16 ಆಂಪಿಯರಿನ ಫ್ಯೂಸ್ ಹೋಗದು. ಮೋಟ್ರು ನೀರೆತ್ತುತ್ತಲೇ ಇರುತ್ತದೆ, ಜಾಯಿಂಟು ಸೋರುತ್ತಲೇ ಇರುತ್ತದೆ.

ಸೋರುವ ಜಾಗದ ಸುತ್ತ ನೆಲದ ವೋಲ್ಟೇಜು ದೂರ ಹೋದಂತೆ ಇಳಿಯುತ್ತದೆ. ಹತ್ತಿರದಲ್ಲಂತೂ ತೀರಾ ಕಡಿದಾಗಿ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಸುಮಾರು ಒಂದೂವರೆ ಮೀಟರ್ ಅಂತರ. ಆ ಎರಡು ಜಾಗಗಳ ವೋಲ್ಟೇಜಿನ ವ್ಯತ್ಯಾಸವಷ್ಟೂ ಅದರ ಮೈಮೇಲೆ ಬಿದ್ದು, ಕರೆಂಟು ಗುಂಡಿಗೆಯಿರುವ ಭಾಗವನ್ನೇ ಹಾಯುತ್ತದೆ. ಮನುಷ್ಯನ ಹೆಜ್ಜೆ ಚಿಕ್ಕದು, ಕರೆಂಟು ಕಾಲಿಂದ ಕಾಲಿಗೆ ದಾಟಿಬಿಡುತ್ತದೆ. ಹಗ್ಗ ಹಿಡಿದವನು ಉಳಿದು ಎತ್ತು ಸತ್ತಾಗ ಗಾಳಿಯ ಕತೆ ಹುಟ್ಟದೆ ಇನ್ನೇನಾದೀತು!

1902ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು, 30,000 ವೋಲ್ಟಿನಲ್ಲಿ. ಜಗತ್ತೇ ಬೆರಗಾದ ಕೆಲಸ ಅದು. ಆ ತಂತಿಗಳಿಗೆ ಕಂಬದ ಮೇಲೆ ಪಿಂಗಾಣಿ, ನಡುವೆ ಬರೀ ಗಾಳಿ. ಗಾಳಿ ಬಿಟ್ಟಿ ಸಿಗುವ ಇನ್ಸುಲೇಷನ್. ಮಣ್ಣಿಗಿಳಿದ ವೈರಿಗೆ ಆ ಸೌಲಭ್ಯವಿಲ್ಲ. ಜಾಯಿಂಟಿನ ಜಾಗದಲ್ಲಿ ನಾವೇ ಅದನ್ನು ಕೈಯಾರೆ ಕಟ್ಟಬೇಕು.

ಮಾಮೂಲಿ ಪಿವಿಸಿ ಟೇಪಿನಿಂದ ಅದು ಆಗುವುದಿಲ್ಲ. ಅಂಟು ಬಿಟ್ಟ ಸಂದಿನಲ್ಲಿ ನುಗ್ಗಿದ ನೀರನ್ನು ವೈರಿನೊಳಗಿನ ಎಳೆಗಳು ಬತ್ತಿ ಎಣ್ಣೆ ಹೀರುವ ಹಾಗೆ ಹೀರಿ ಉದ್ದಕ್ಕೂ ಒಯ್ಯುತ್ತವೆ. ಟಿಸಿ ಕಡೆಯ ಅಲ್ಯೂಮಿನಿಯಂ ವೈರಿಗೆ ಸಬ್‌ಮರ್ಸಿಬಲ್‌ನ ತಾಮ್ರದ ಕೇಬಲನ್ನು ತಿರುಚಿದ್ದರೆ ಒದ್ದೆಯಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ, ರೋಧ ಏರಿ ಜಾಯಿಂಟು ಬಿಸಿಯಾಗುತ್ತದೆ.

ಜಾಯಿಂಟು ಇಲ್ಲದಿರುವುದೇ ಒಳ್ಳೆಯದು. ಆಗದಿದ್ದರೆ ನೆಲದ ಮೇಲೆ ನೀರು ನುಗ್ಗದ ಪೆಟ್ಟಿಗೆಯಲ್ಲಿರಲಿ. ನೆಲದೊಳಗೇ ಬೇಕೆಂದರೆ ಲೈಸೆನ್ಸ್ ಇರುವವರಿಂದ ಮಾಡಿಸಿ: ಒಳಗಿನ ಪ್ರತಿ ವೈರಿಗೂ ಒತ್ತಿ ಬಿಗಿದ ಲೋಹದ ಕೊಳವೆ, ಅಂದರೆ ಫೆರೂಲ್ (ಲೋಹ ಬೇರೆಯಾದರೆ ಎರಡು ಲೋಹದ್ದು), ಅದರ ಮೇಲೆ ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಅಥವಾ ಅಚ್ಚಿನಲ್ಲಿ ಸುರಿದ ರೆಸಿನ್. ಆರ್ಮರ್ಡ್ (ಲೋಹದ ಹೊದಿಕೆಯ) ಕೇಬಲಾದರೆ ಆ ಹೊದಿಕೆ ಜಾಯಿಂಟಿನ ಆಚೀಚೆ ಕೂಡಿ ಅರ್ತಿಂಗ್‌ಗೆ ಸೇರಲೇಬೇಕು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುವುದು. ಭಾರತೀಯ ಮಾನಕ ಐಎಸ್ 1255 ಇಂಥ ಕೇಬಲಿಗೆ ಹೇಳುವ ಆಳ 75 ಸೆಂಟಿಮೀಟರ್. ಕೆಳಗೂ ಮೇಲೂ ಮರಳು, ಆಮೇಲೆ ಇಟ್ಟಿಗೆ. ಗುದ್ದಲಿ ಮೊದಲು ಇಟ್ಟಿಗೆಗೆ ತಾಗಲಿ.

ಫ್ಯೂಸ್ ಹಿಡಿಯದ ಸೋರಿಕೆಯನ್ನು ಆರ್‌ಸಿಸಿಬಿ ಎಂಬ ಸ್ವಿಚ್ಚು ಹಿಡಿಯುತ್ತದೆ. ಹೋದ ಕರೆಂಟೂ ಮರಳಿದ ಕರೆಂಟೂ ಸಮ ಇದೆಯೇ ಎಂದು ಅದು ನೋಡುತ್ತಿರುತ್ತದೆ. ಮಣ್ಣಿನ ದಾರಿ ಹಿಡಿದದ್ದು ಲೆಕ್ಕಕ್ಕೆ ತಪ್ಪಿದೊಡನೆ ಕಡಿಯುತ್ತದೆ. ಜನರ ಜೀವ ಕಾಯಲು 30 ಮಿಲಿಆಂಪಿಯರಿನದು ಬೇಕು. ಮೇಲೆ ಹೇಳಿದ ಸೋರಿಕೆ ಅದರ 250 ಪಟ್ಟು.

ರೆಸಿನ್ ಗಟ್ಟಿಯಾದ ಮೇಲೆ, ಗುಂಡಿ ಮುಚ್ಚುವ ಮೊದಲು, ಎರಡೂ ತುದಿ ಬಿಡಿಸಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ನಿನ ರೋಧ ಅಳೆಯುವ ಮೀಟರು) ಇಟ್ಟು ನೋಡಲು ಹೇಳಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಮಣ್ಣೆಳೆಯಲು ಬಿಡಬೇಡಿ, ಜಾಯಿಂಟನ್ನು ಕತ್ತರಿಸಿ ಹೊಸದಾಗಿ ಮಾಡಿಸಿ.